ಹೆಸರು ಮುಚ್ಚಿದ ಲೋಟ: ಕಾಫಿ ರುಚಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಐದು ಜನ ಸ್ನೇಹಿತರು ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಬೇರೆ ಬೇರೆ ಕಾಫಿ ಪುಡಿ ರುಚಿ ನೋಡುತ್ತೇವೆ. ಹೋದ ಸಲ ನಾಲ್ಕು ಪುಡಿಗಳ ಹೆಸರು ಮುಚ್ಚಿ, ಹಾಲು-ಸಕ್ಕರೆ ಹಾಕಿ ಕುಡಿದೆವು. ನಾಲ್ಕು ಜನ ಮೊದಲ ಸ್ಥಾನ ಕೊಟ್ಟಿದ್ದು ಬೀದಿ ಕೊನೆ ಅಂಗಡಿಯ 60-40 ಚಿಕೋರಿ ಪುಡಿಗೆ (60 ಭಾಗ ಕಾಫಿ, 40 ಭಾಗ ಚಿಕೋರಿ)! ಒಬ್ಬರು ತೋಟದಿಂದಲೇ ತರಿಸಿದ್ದ ಅಪ್ಪಟ ಅರೇಬಿಕಾ ಕೊನೆಗೆ ಬಂತು. ಬೆಲೆ ನೋಡಿದರೆ ಅದು ಮೂರು ಪಟ್ಟು. ತಂದವರು ಬೇಜಾರಾಗಿ ಗುಂಪಿಗೇ ಬರುತ್ತಿಲ್ಲ. ತಪ್ಪು ನಮ್ಮ ನಾಲಿಗೆಯದೋ, ಪರೀಕ್ಷೆಯದೋ?
— ಮೈಸೂರಿನಿಂದ ಒಬ್ಬರು

ಉತ್ತರ: ನಾಲಿಗೆಯದು ಅಲ್ಲ. ಮೊದಲು ಆ ಸ್ನೇಹಿತರಿಗೆ ಫೋನ್ ಮಾಡಿ, ಅವರ ಕಾಫಿ ಸೋತಿಲ್ಲ ಅಂತ ಹೇಳಿ. ನೀವು ಹೆಸರು ಮುಚ್ಚಿದಿರಿ, ಸರಿ. ಆದರೆ ಹೆಸರು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರಬೇಕಿತ್ತಲ್ವಾ? ಅದು ಆಗಿಲ್ಲ.

ಚಿಕೋರಿ ಅಂದರೆ ಹುರಿದು ಪುಡಿ ಮಾಡಿದ ಒಂದು ಬೇರು. ಬಿಸಿನೀರಿಗೆ ಬಿದ್ದರೆ ಅದು ಕಾಫಿಗಿಂತ ತುಂಬಾ ಜಾಸ್ತಿ ಕರಗುತ್ತದೆ. ಹುರಿದ ಕಾಫಿಯಲ್ಲಿ ಕರಗುವ ಭಾಗ ನೂರಕ್ಕೆ ಸುಮಾರು ಮೂವತ್ತು, ಚಿಕೋರಿಯಲ್ಲಿ ಅದರ ಎರಡು ಪಟ್ಟಿಗೂ ಮೇಲೆ. ಹಾಗಾಗಿ ಎಲ್ಲದಕ್ಕೂ ಅಳೆದು ಎರಡೆರಡು ಚಮಚ ಹಾಕಿದರೂ 60-40 ಪುಡಿಯ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಇಳಿಯುತ್ತದೆ, ಹಾಲು ಸುರಿದರೂ ಜಗ್ಗುವುದಿಲ್ಲ. ತೋಟದ ಅರೇಬಿಕಾದ ಗುಣವೇ ಬೇರೆ. ಅದರ ಸಣ್ಣ ಹುಳಿ, ಮೂಗಿಗೆ ಬರುವ ಹೂವು-ಹಣ್ಣಿನಂಥ ಘಮ, ಇವನ್ನೇ ಹಾಲು-ಸಕ್ಕರೆ ಮೊದಲು ಮುಚ್ಚಿಹಾಕುವುದು. ಅಂದರೆ ಅವತ್ತು ನೀವು ಕೇಳಿದ ಪ್ರಶ್ನೆ ‘ಹಾಲಿಗೆ ಯಾವುದು ಗಟ್ಟಿ’ ಅಂತ. ಅದಕ್ಕೆ ಬಂದ ಉತ್ತರ ಸರಿಯಾಗೇ ಇದೆ.

ಕಣ್ಣಿನ ವಿಷಯವೂ ಇದೆ. ಲೋಟದ ಮೇಲೆ ಹೆಸರಿಲ್ಲದಿದ್ದರೇನು, ಬಣ್ಣ ಕಾಣುತ್ತದಲ್ಲ. ಫ್ರಾನ್ಸ್‌ನ ಬೋರ್ಡೊದಲ್ಲಿ ವೈನ್ ವಿದ್ಯೆ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನ್‌ಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ಈ ಪ್ರಯೋಗ ಪ್ರಕಟವಾಗಿದ್ದು 2001ರಲ್ಲಿ. ಅದನ್ನೇ ಕಲಿಯುತ್ತಿದ್ದವರಿಗೆ ಹೀಗಾದರೆ ಕಪ್ಪಗಿನ ಕಾಫಿ ನೋಡಿ ‘ಇದು ಸ್ಟ್ರಾಂಗು’ ಅಂತ ನಮ್ಮ ನಾಲಿಗೆ ಮೊದಲೇ ತೀರ್ಮಾನ ಮಾಡುವುದರಲ್ಲಿ ಆಶ್ಚರ್ಯ ಇಲ್ಲ.

ಮುಂದಿನ ಭಾನುವಾರ ಹೀಗೆ ಮಾಡಿ ನೋಡಿ. ಅಪ್ಪಟದ ಜೊತೆ ಅಪ್ಪಟ, ಚಿಕೋರಿ ಜೊತೆ ಚಿಕೋರಿ ಇಡಿ. ಚಿಕೋರಿ ಎಷ್ಟು ಅಂತ ಪೊಟ್ಟಣದ ಮೇಲೆ ಹಾಕಲೇಬೇಕು, ಕಾಫಿ ಕನಿಷ್ಠ 51 ಭಾಗ ಇರಲೇಬೇಕು ಅಂತ ನಿಯಮ ಇದೆ, ಹಾಗಾಗಿ ವಿಂಗಡಿಸುವುದು ಕಷ್ಟವಲ್ಲ. ಚಮಚದ ಲೆಕ್ಕ ಬಿಡಿ, ತೂಕ ಮಾಡಿ. ವೃತ್ತಿಯಲ್ಲಿ ರುಚಿ ನೋಡುವವರು 150 ಮಿಲಿ ನೀರಿಗೆ 8.25 ಗ್ರಾಂ ಪುಡಿ ಹಾಕುತ್ತಾರೆ. ಮನೆಯಲ್ಲಿ 200 ಮಿಲಿಗೆ 11 ಗ್ರಾಂ ಅಂತ ಇಟ್ಟುಕೊಳ್ಳಿ. ಫಿಲ್ಟರ್ ಬೇಡ. ಸ್ವಲ್ಪ ತರಿಯಾದ ಪುಡಿ ಬಟ್ಟಲಿಗೆ ಹಾಕಿ, ಕುದಿ ನಿಂತ ನೀರು, ಅಂದರೆ ಸುಮಾರು 93 ಡಿಗ್ರಿಯದು, ನೇರವಾಗಿ ಸುರಿದು ನಾಲ್ಕು ನಿಮಿಷ ಬಿಡಿ. ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯುವಾಗ ಮೂಗು ಹತ್ತಿರ ಇರಲಿ, ಆ ಕ್ಷಣದ ಘಮ ಮತ್ತೆ ಸಿಗುವುದಿಲ್ಲ. ನೊರೆ ತೆಗೆದುಹಾಕಿ, ಬಾಯಿ ಸುಡದಷ್ಟು ಆರಿದ ಮೇಲೆ ಸೊರ್ ಅಂತ ಶಬ್ದ ಬರುವ ಹಾಗೆ ಹೀರಿ. ಆರುತ್ತಾ ಹೋದ ಹಾಗೆ ರುಚಿ ಬಿಚ್ಚಿಕೊಳ್ಳುತ್ತದೆ, ಅವಸರ ಬೇಡ. ಹಾಲಿನದು ಆಮೇಲೆ ಬೇರೆ ಸುತ್ತು ಮಾಡಿ, ಅಲ್ಲಿ ಎಲ್ಲ ಲೋಟದ ಬಣ್ಣವೂ ಒಂದೇ ಆಗುವಷ್ಟು ಡಿಕಾಕ್ಷನ್ ಹಾಕಿ.

ಬಡಿಸುವವರಿಗೂ ಯಾವುದು ಯಾವುದೆಂದು ಗೊತ್ತಿರಬಾರದು. ಗೊತ್ತಿದ್ದರೆ ಮುಖದಲ್ಲಿ ಬಂದೇ ಬರುತ್ತದೆ. ಒಬ್ಬರು ಕಾಫಿ ಮಾಡಿ ಬಟ್ಟಲಿನ ತಳಕ್ಕೆ ಚೀಟಿ ಅಂಟಿಸಿ ಹೊರಗೆ ಹೋಗಲಿ, ಇನ್ನೊಬ್ಬರು ಬಂದು ಜಾಗ ಬದಲಿಸಿ 482, 317 ಅಂತ ಅರ್ಥವಿಲ್ಲದ ನಂಬರ್ ಇಡಲಿ. ಒಂದು, ಎರಡು ಅಂತ ಬರೆದರೆ ಒಂದಕ್ಕೆ ಸುಮ್ನೆ ಮಣೆ ಸಿಗುತ್ತದೆ. ಕುಡಿಯುವ ಕ್ರಮವೂ ಒಬ್ಬೊಬ್ಬರಿಗೆ ಬೇರೆ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಒಂದೇ ಕಾಫಿಯನ್ನು ಎರಡು ನಂಬರ್ ಕೊಟ್ಟು ಎರಡು ಸಲ ಇಡಿ, ಯಾರಿಗೂ ಹೇಳಬೇಡಿ. ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಮಾಡಿದಾಗ ಒಂದೇ ಪಾತ್ರೆಯಿಂದ ಬಂದ ಎರಡು ಬಟ್ಟಲಿಗೆ ನಾನು ಹತ್ತಕ್ಕೆ ಎಂಟು, ಐದು ಅಂತ ಅಂಕ ಕೊಟ್ಟಿದ್ದೆ. ಅಲ್ಲಿಗೆ ಅವತ್ತಿನ ಮಟ್ಟಿಗೆ ಎರಡು ಮೂರು ಅಂಕದ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ ಅಂತಾಯಿತು. ನಿಮ್ಮ ಗುಂಪಿನಲ್ಲೂ ಈ ಅಳತೆ ಸಿಕ್ಕಿದ ಮೇಲೇ ಯಾವುದು ಮೊದಲು ಬಂತು ಅಂತ ಮಾತಾಡಿ.

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಪೀಬೆರಿ, ಅಂದರೆ ದುಂಡು ಬೀಜ, ಹಾಕಿದ ಕಾಫಿ ಯಾವುದು ಅಂತ ಒಂದೇ ಗುಟುಕಿಗೆ ಹೇಳುತ್ತೇನೆ ಅನ್ನುತ್ತಾರೆ. ನಿಜವಾಗಿ ಗೊತ್ತಾಗುತ್ತದಾ? ಅವರ ಮನಸ್ಸಿಗೆ ನೋವಾಗದ ಹಾಗೆ ನೋಡುವುದು ಹೇಗೆ?
— ಹಾಸನದ ಓದುಗರು

ಉತ್ತರ: ಮೂರು ಲೋಟದ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಸುಮ್ನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿ ಬರುತ್ತದೆ, ಹಾಗಾಗಿ ಒಂದೇ ಸಲಕ್ಕೆ ನಿಲ್ಲಿಸಬೇಡಿ. ದಿನಕ್ಕೊಂದರಂತೆ ಆರು ದಿನ ಮಾಡಿ. ಆರರಲ್ಲಿ ಐದು ಅಥವಾ ಆರೂ ಸರಿ ಬಂದರೆ ಅದು ಅದೃಷ್ಟದಿಂದ ಆಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನಾಲ್ಕೇ ಸರಿ ಬಂದರೆ ಇನ್ನೂ ಏನೂ ಹೇಳಕ್ಕಾಗಲ್ಲ, ಅಷ್ಟು ಊಹೆಯಿಂದಲೂ ಬರುತ್ತದೆ.

ನಿಮ್ಮ ಮಾವನವರಿಗೆ ಈ ಕಥೆ ಹೇಳಿ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಇದ್ದರು. ಕಪ್ಪಿಗೆ ಹಾಲು ಮೊದಲು ಹಾಕಿದ್ದೋ ಟೀ ಮೊದಲು ಹಾಕಿದ್ದೋ ಅಂತ ಕುಡಿದು ಹೇಳಬಲ್ಲೆ ಅಂದರು. ಅಲ್ಲೇ ಇದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮಾತನ್ನು ತಳ್ಳಿಹಾಕಲಿಲ್ಲ. ಎಂಟು ಕಪ್ಪು, ನಾಲ್ಕು ಹೀಗೆ ನಾಲ್ಕು ಹಾಗೆ, ಕಲಸಿ ಇಟ್ಟು ಪರೀಕ್ಷೆ ಮಾಡುವ ದಾರಿ ಯೋಚಿಸಿದರು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿಗಳಿವೆ, ಊಹೆಯಿಂದ ಎಲ್ಲ ಸರಿ ಬರುವುದು 70ಕ್ಕೆ ಒಂದು ಸಲ. ಇವತ್ತು ಎಷ್ಟೋ ಕಡೆ ಸಂಖ್ಯಾಶಾಸ್ತ್ರದ ಪಾಠ ಶುರುವಾಗುವುದೇ ಈ ಕಪ್ಪುಗಳಿಂದ. ಒಬ್ಬರು ‘ನನಗೆ ಗೊತ್ತಾಗುತ್ತೆ’ ಅಂದಾಗ ಅವರಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಇದೇ ಅಂತ ನಾನು ನಂಬಿದ್ದೇನೆ.

ಒಂದು ಮಾತು, ಪೀಬೆರಿ ಬೇರೆ ಗಿಡದ್ದಲ್ಲ. ಸಾಮಾನ್ಯವಾಗಿ ಹಣ್ಣಿನೊಳಗೆ ಎರಡು ಬೀಜ ಇರುತ್ತವೆ, ಒಂದೇ ಬೆಳೆದರೆ ದುಂಡಗಾಗುತ್ತದೆ, ಅದೇ ಪೀಬೆರಿ. ಹಾಗಾಗಿ ಒಂದೇ ತೋಟದ, ಒಂದೇ ಹದಕ್ಕೆ ಹುರಿದ ಪೀಬೆರಿಯನ್ನೂ ಚಪ್ಪಟೆ ಬೀಜವನ್ನೂ ಇಟ್ಟರೆ ಪರೀಕ್ಷೆ ತುಂಬಾ ಕಷ್ಟ. ಮೊದಲು ಅರೇಬಿಕಾ, ರೊಬಸ್ಟಾ ಅನ್ನುವ ಎರಡು ಬೇರೆ ಜಾತಿಯ ಕಾಫಿ ಇಟ್ಟು ಶುರು ಮಾಡಿ. ಮೊದಲ ದಿನ ಮಾವನವರೇ ಲೋಟ ಜೋಡಿಸಲಿ, ನೀವು ಹೇಳಿ. ಎರಡನೇ ದಿನ ಅವರ ಸರದಿ.

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಈ ಸಲ ಎಸ್. 795 ಅನ್ನುವ ಅರೇಬಿಕಾ ತಳಿಯ ಹಣ್ಣನ್ನೇ ಅರ್ಧ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ್ದು), ಅರ್ಧ ಚೆರ್ರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಮಾಡಿದ್ದೇವೆ. ಮಾರುವ ಮುಂಚೆ ಮನೆಯಲ್ಲೇ ಹೆಸರು ಮುಚ್ಚಿ ನೋಡಬಹುದಾ?
— ಒಬ್ಬ ಬೆಳೆಗಾರ

ಉತ್ತರ: ನೋಡಲೇಬೇಕು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಕೊಟ್ಟ ತಳಿಯನ್ನು ಬೆಳೆದು, ಅದರ ರುಚಿ ಏನೆಂದು ಕೊಳ್ಳುವವರ ಬಾಯಿಂದಲೇ ಕೇಳಬೇಕಾದ ಸ್ಥಿತಿ ಬೆಳೆಗಾರರಿಗೆ ಇರಬಾರದು.

ನಿಮ್ಮಲ್ಲಿ ತಪ್ಪಾಗುವ ಸಾಧ್ಯತೆ ಇರುವುದು ಹುರಿಯುವುದರಲ್ಲಿ. ಕಪ್ಪಗೆ ಹುರಿದರೆ ಎರಡೂ ಒಂದೇ ಥರ ಕಹಿ, ಸಂಸ್ಕರಣೆಯ ವ್ಯತ್ಯಾಸವೇ ಕಾಣುವುದಿಲ್ಲ. ಎರಡನ್ನೂ ಒಂದೇ ದಿನ, ತಿಳಿ ಕಂದು ಬಣ್ಣಕ್ಕೆ ನಿಲ್ಲಿಸಿ ಹುರಿದು, ಒಂದು ರಾತ್ರಿ ಬಿಟ್ಟು ರುಚಿ ನೋಡಿ. ಪ್ರತಿ ಮಾದರಿಗೆ ಐದು ಬಟ್ಟಲು ಇಡಿ. ಪ್ರತಿ ಬಟ್ಟಲಿನ ಬೀಜವನ್ನು ಬೇರೆಯಾಗಿ ತೂಗಿ ಬೇರೆಯಾಗಿಯೇ ಪುಡಿ ಮಾಡಿ. ಕಣದಲ್ಲಿ ಮಳೆಗೆ ನೆಂದ, ಬೂಷ್ಟು ಹಿಡಿದ ಒಂದು ಬೀಜ ಇದ್ದರೂ ಆ ಒಂದು ಬಟ್ಟಲಲ್ಲಿ ಗೊತ್ತಾಗುತ್ತದೆ. ಒಟ್ಟಿಗೆ ಪುಡಿ ಮಾಡಿದರೆ ಎಲ್ಲದರಲ್ಲೂ ಹರಡಿ ಕಣ್ಮರೆಯಾಗುತ್ತದೆ. ಚೆರ್ರಿಯ ಐದು ಬಟ್ಟಲು ಐದು ಥರ ಇದ್ದರೆ ಒಣಗಿಸಿದ್ದು ಸಮ ಆಗಿಲ್ಲ ಅಂತ ಅರ್ಥ. ಮುಂದಿನ ಕೊಯ್ಲಿಗೆ ಬೇಕಾಗುವುದು ಈ ಮಾಹಿತಿಯೇ, ಬರೆದಿಡಿ.

ಪ್ರಶ್ನೆ: ಒಂದು ಸಲಕ್ಕೆ ಎಷ್ಟು ಕಾಫಿ ನೋಡಬಹುದು? ಮಧ್ಯೆ ಏನು ತಿನ್ನಬೇಕು? ಆ ರಾತ್ರಿ ನಿದ್ದೆಯೇ ಬರುವುದಿಲ್ಲ!
— ಬೆಂಗಳೂರಿನಿಂದ

ಉತ್ತರ: ನಾಲ್ಕು ಸಾಕು, ಆರಕ್ಕಿಂತ ಬೇಡ. ನುಂಗಬೇಡಿ, ಬಾಯಲ್ಲಿ ಆಡಿಸಿ ಉಗುಳಿ. ಮನೆಯಲ್ಲಿ ಹೀಗೆ ಮಾಡಲು ಸಂಕೋಚ ಆಗುತ್ತದೆ, ಆದರೆ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು ಇರುತ್ತದೆ, ಪಕ್ಕದಲ್ಲಿ ಒಂದು ಲೋಟ ಇಟ್ಟುಕೊಂಡರೆ ಆಯಿತು. ಮಧ್ಯೆ ಉಗುರುಬೆಚ್ಚಗಿನ ನೀರು, ಬೇಕಿದ್ದರೆ ಉಪ್ಪು-ಖಾರ ಹಾಕದ ಮಂಡಕ್ಕಿ. ಅಡುಗೆಮನೆಯಲ್ಲಿ ಒಗ್ಗರಣೆ ಇಲ್ಲದ ಹೊತ್ತು ನೋಡಿ, ಊದುಬತ್ತಿ ಆರಿಸಿ, ಸೆಂಟ್ ಹಾಕಿಕೊಂಡು ಬಂದವರನ್ನು ಕಿಟಕಿ ಪಕ್ಕ ಕೂರಿಸಿ. ನೀರು ಎಲ್ಲದಕ್ಕೂ ಒಂದೇ ಇರಲಿ. ಬೋರ್‌ವೆಲ್ಲಿನ ಗಡಸು ನೀರು ಕಾಫಿಯ ಹುಳಿಯನ್ನು ತಗ್ಗಿಸುತ್ತದೆ, ಹಾಗಾಗಿ ಒಂದು ಪುಡಿಗೆ ಕಾವೇರಿ ನೀರು, ಇನ್ನೊಂದಕ್ಕೆ ಬೋರ್ ನೀರು ಹಾಕಿದರೆ ನೀವು ಹೋಲಿಸಿದ್ದು ನೀರನ್ನು. ಬೆಳಗ್ಗೆ ತಿಂಡಿಗೆ ಮುಂಚೆ ಸೇರಿದರೆ ನಾಲಿಗೆಯೂ ಚುರುಕಾಗಿರುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ.