ಸ್ವಂತ ಜನರೇಟರಿನ ಯೂನಿಟ್ಟಿಗೆ ನಿಜವಾಗಿ ಬೀಳುವ ಬೆಲೆ

ಪ್ರಶ್ನೆ: ನಮ್ಮದು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ. ಕರೆಂಟ್ ಹೋದಾಗ 62.5 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಡೀಸೆಲ್ ಜನರೇಟರ್ ಓಡಿಸುತ್ತೇವೆ. ಯೂನಿಟ್ಟಿಗೆ 27 ರೂಪಾಯಿ ಬೀಳುತ್ತದೆ ಎಂಬುದು ನಮ್ಮ ಲೆಕ್ಕ. ಅದರ ಒಂದೂವರೆ ಪಟ್ಟಿಗೂ ಹೆಚ್ಚೆಂದು ಲೆಕ್ಕಪರಿಶೋಧಕರು ಹೇಳುತ್ತಾರೆ. ಯಾರ ಲೆಕ್ಕ ಸರಿ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಲೆಕ್ಕಪರಿಶೋಧಕರದ್ದೇ ಸರಿ. ನೀವು ಹಿಡಿದಿರುವುದು ಡೀಸೆಲ್ಲಿನ ಖರ್ಚನ್ನು ಮಾತ್ರ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿಯಿದ್ದರೂ ಅದರ ಬಹುಪಾಲು ಎಂಜಿನ್ನಿನಲ್ಲಿ ಶಾಖವಾಗಿ ಹೋಗುವುದರಿಂದ, ಮುಕ್ಕಾಲು ಲೋಡಿನಲ್ಲಿ, ಅಂದರೆ ಸಾಮರ್ಥ್ಯದ ಮುಕ್ಕಾಲು ಭಾಗದಷ್ಟು ಹೊರೆಯಲ್ಲಿ, ಓಡುವ ಒಳ್ಳೆಯ ಜನರೇಟರಿನಿಂದಲೂ ಕೈಗೆ ಸಿಗುವುದು ಮೂರರಿಂದ ಮೂರೂವರೆ ಯೂನಿಟ್. ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ನಿಮ್ಮ 27 ರೂಪಾಯಿ ಬರುವುದು ಇಲ್ಲಿಂದ. ಆದರೆ ಮೋಟಾರುಗಳು ಚಾಲೂ ಆಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತವೆಂದು ಅನೇಕರು ಅಗತ್ಯಕ್ಕಿಂತ ದೊಡ್ಡ ಜನರೇಟರನ್ನೇ ಕೊಳ್ಳುತ್ತಾರೆ. ಅದು ಕಾಲು ಲೋಡಿನಲ್ಲಿ ಓಡುತ್ತಿದ್ದರೆ ಲೀಟರಿಗೆ ಎರಡೂವರೆ ಯೂನಿಟ್ ಸಿಗುವುದೂ ಕಷ್ಟ. ಆಗ ಯೂನಿಟ್ಟಿಗೆ ಇಂಧನಕ್ಕೇ 36 ರೂಪಾಯಿ.

ಇನ್ನು ಬಂಡವಾಳದ ಪಾಲು. ಜನರೇಟರಿಗೆ 6 ಲಕ್ಷ ರೂಪಾಯಿ, ಬಾಳಿಕೆ 10 ವರ್ಷ ಎಂದು ಹಿಡಿಯೋಣ. ದಿನಕ್ಕೆ 40 ನಿಮಿಷದಂತೆ 300 ದಿನ ಓಡಿದರೆ ವರ್ಷಕ್ಕೆ 200 ಗಂಟೆ. 30 ಕಿಲೋವ್ಯಾಟ್ ಲೋಡಿನಲ್ಲಿ 6,000 ಯೂನಿಟ್. ಸವಕಳಿಯೊಂದೇ ಯೂನಿಟ್ಟಿಗೆ 10 ರೂಪಾಯಿ, ಸಾಲದ ಬಡ್ಡಿ ಸುಮಾರು 5 ರೂಪಾಯಿ, ಅದರ ಮೇಲೆ ಆಯಿಲ್, ಫಿಲ್ಟರ್, ಬ್ಯಾಟರಿ. ನಿಮ್ಮ 27 ರೂಪಾಯಿಗೆ ಇವನ್ನು ಕೂಡಿಸಿದರೆ 42 ದಾಟುತ್ತದೆ. ವಿದ್ಯುತ್ ಕಡಿತ ಅರ್ಧಕ್ಕಿಳಿದರೆ ನಿಮ್ಮ ಒಟ್ಟು ಖರ್ಚು ಇಳಿಯುತ್ತದೆ, ಸವಕಳಿಯ ಪಾಲು ಮಾತ್ರ ಯೂನಿಟ್ಟಿಗೆ 20 ರೂಪಾಯಿಗೆ ಏರುತ್ತದೆ.

ಈ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. 1980ರ ದಶಕದ ಕೊನೆಯಲ್ಲಿ ನೈಜೀರಿಯಾದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಾರ್ಖಾನೆಗಳು ಸ್ವಂತ ಜನರೇಟರ್ ಇಟ್ಟುಕೊಂಡಿದ್ದವು. ಭಾರತದ ಕಾರ್ಖಾನೆಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವಿದ್ಯುತ್ ಕೊರತೆಯಿಂದ ಸರಾಸರಿ ಕಾರ್ಖಾನೆಯ ಆದಾಯ ಶೇ. 5ರಿಂದ 10ರಷ್ಟು ಕುಗ್ಗುತ್ತದೆ. ಜನರೇಟರ್ ದೊಡ್ಡದಾದಷ್ಟೂ ಕಿಲೋವ್ಯಾಟ್ ಲೆಕ್ಕದಲ್ಲಿ ಅಗ್ಗವಾಗುವುದರಿಂದ, ಅದನ್ನು ಕೊಳ್ಳಲಾರದ ಸಣ್ಣವರಿಗೇ ಪೆಟ್ಟು ಹೆಚ್ಚು.

ಹಾಗೆಂದು ಜನರೇಟರನ್ನು ನಿಲ್ಲಿಸಬೇಡಿ; ಅದರ ಮೇಲಿನ ಲೋಡನ್ನು ಆರಿಸಿಕೊಳ್ಳಿ. ಇಂಡಕ್ಷನ್ ಕುಲುಮೆಯಿರುವ (ವಿದ್ಯುತ್ ಸುರುಳಿಯಿಂದ ಲೋಹ ಕರಗಿಸುವ) ಎರಕದ ಘಟಕಗಳು ಸಾಮಾನ್ಯವಾಗಿ ಡೀಸೆಲ್ಲಿನಿಂದ ಲೋಹ ಕರಗಿಸಲು ಹೋಗುವುದಿಲ್ಲ, ಕುಲುಮೆಯ ಸುರುಳಿ ಸುಡದಂತೆ ತಂಪು ನೀರಿನ ಪಂಪನ್ನು ಮಾತ್ರ ನಡೆಸಿಕೊಳ್ಳುತ್ತವೆ. ನಿಮ್ಮಲ್ಲೂ ನಡುವೆ ನಿಂತರೆ ಕೆಲಸ ಕೆಡುವ ಯಂತ್ರ ಯಾವುದು, ಅರ್ಧ ಗಂಟೆ ಕಾಯಬಲ್ಲದ್ದು ಯಾವುದು ಎಂದು ವಿಂಗಡಿಸಿ, ಮೊದಲ ಗುಂಪಿಗೆ ಸಾಲುವಷ್ಟೇ ಗಾತ್ರದ ಜನರೇಟರ್ ಇಟ್ಟರೆ ಬಂಡವಾಳವೂ ಡೀಸೆಲ್ಲೂ ಉಳಿಯುತ್ತವೆ.

ಪ್ರಶ್ನೆ: ಚಾವಣಿಯ ಮೇಲೆ ಸೋಲಾರ್ ಹಾಕಿಸಿದ್ದೇವೆ. ಉರಿಬಿಸಿಲಿದ್ದರೂ ಕರೆಂಟ್ ಹೋದೊಡನೆ ಅದೂ ನಿಲ್ಲುವುದೇಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ತಂತಿಯಲ್ಲಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು, ಗ್ರಿಡ್‌ಗೆ (ಹೊರಗಿನ ವಿದ್ಯುತ್ ಜಾಲಕ್ಕೆ) ಜೋಡಿಸಿದ ಸೋಲಾರ್ ಇನ್ವರ್ಟರ್ ಸರಬರಾಜು ನಿಂತ ಕೂಡಲೇ ತಾನೂ ನಿಲ್ಲುವಂತೆ ರೂಪಿಸಲಾಗಿರುತ್ತದೆ. ಜನರೇಟರಿನ ಜೊತೆಗೆ ಹೊಂದಿಕೊಂಡು ಓಡಬಲ್ಲ ನಿಯಂತ್ರಕವನ್ನು ಹಾಕಿಸಿದರೆ ಹಗಲಿನಲ್ಲಿ ಡೀಸೆಲ್ ಉಳಿಸಬಹುದು. ಆದರೆ ಜನರೇಟರಿನ ಲೋಡ್ ಅದರ ಸಾಮರ್ಥ್ಯದ ಸುಮಾರು ಶೇ. 30ಕ್ಕಿಂತ ಕೆಳಗಿಳಿಯದಂತೆ ಅದನ್ನು ಹೊಂದಿಸಲು ತಂತ್ರಜ್ಞರಿಗೆ ಹೇಳಿ.