ಹ್ಯಾಲಿಯನ್ನು ನೋಡಿ ನಗುವ ಮುನ್ನ

ನಮಸ್ಕಾರ.

ನೀವು ಕಳಿಸಿದ ‘ಟೊಳ್ಳು ಭೂಮಿಯ ಕಥೆ’ಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಆದರೆ ನೀವು ಇದನ್ನು ಕೈಬಿಡಬಾರದು ಅನ್ನಿಸಿತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಭೂಮಿಯ ಒಡಲಲ್ಲಿ ಏನಿದೆ ಎಂದು 17ನೇ ಶತಮಾನದ ಯುರೋಪಿನವರು ಊಹಿಸಿದ್ದನ್ನು ಹೇಳಲು ಜರ್ಮನಿಯ ಪಾದ್ರಿ-ವಿದ್ವಾಂಸ ಕಿರ್ಷರ್, ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್, ಇಂಗ್ಲಿಷ್ ಪಾದ್ರಿ ಬರ್ನೆಟ್, ಇಂಗ್ಲಿಷ್ ಖಗೋಳಜ್ಞ ಹ್ಯಾಲಿ ಎಲ್ಲರನ್ನೂ ಕರೆತಂದಿದ್ದೀರಿ. ತಲೆಗೊಂದು ಪ್ಯಾರಾ, ಪ್ಯಾರಾದ ಕೊನೆಗೊಂದು ನಗೆ. “ಧೂಮಕೇತುವಿನ ಹ್ಯಾಲಿಯೂ ಇಂಥ ಅಡುಗೂಲಜ್ಜಿ ಕಥೆ ಹೆಣೆದ” ಎನ್ನುತ್ತೀರಿ. ನನ್ನ ತಕರಾರು ಇರುವುದು ಈ ವಾಕ್ಯದ ಮೇಲೆ. ನಮ್ಮ ಭೂಮಿಯೊಳಗೆ ಇನ್ನೊಂದು ಗೋಳವಿದೆ ಎಂದು 1692ರಲ್ಲಿ ಅವನು ಬರೆದದ್ದು ನಿಜ. ಯಾಕೆ ಬರೆದ? ಆ ಉತ್ತರ ಇರಬೇಕಾದ ಜಾಗದಲ್ಲಿ ‘ವಿಚಿತ್ರವೆಂದರೆ ತಪ್ಪಾಗಲಾರದು’ ಎಂದಷ್ಟೇ ಇದೆ.

ಉತ್ತರ ದಿಕ್ಸೂಚಿಯಲ್ಲಿದೆ. 1580ರ ಲಂಡನ್ನಿನಲ್ಲಿ ಅದರ ಮುಳ್ಳು ನಿಜವಾದ ಉತ್ತರದಿಂದ ಪೂರ್ವಕ್ಕೆ 11 ಡಿಗ್ರಿಗಿಂತ ತುಸು ಹೆಚ್ಚು ವಾಲಿತ್ತು. 1634ಕ್ಕೆ ಅದು ಸುಮಾರು 4 ಡಿಗ್ರಿಗೆ ಇಳಿಯಿತು. 1692ರ ಹೊತ್ತಿಗೆ ಪಶ್ಚಿಮಕ್ಕೆ 6 ಡಿಗ್ರಿ! ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಇಂಗ್ಲಿಷ್ ವೈದ್ಯ ಗಿಲ್ಬರ್ಟ್ 1600ರಲ್ಲೇ ವಾದಿಸಿದ್ದ. ಹಾಗಿದ್ದರೆ ಗಟ್ಟಿ ಬಂಡೆಯೊಳಗಿನ ಅಯಸ್ಕಾಂತ ಕದಲುವುದು ಹೇಗೆ? ನಡುಗಡಲಲ್ಲಿ ಮುಳ್ಳನ್ನೇ ನಂಬಿ ಹೊರಟ ನಾವಿಕರಿಗೆ ಇದು ಜೀವದ ಪ್ರಶ್ನೆ. ಹ್ಯಾಲಿ ಯೋಚಿಸಿದ: ನಾವು ನಿಂತಿರುವ ಚಿಪ್ಪು 500 ಮೈಲಿ ದಪ್ಪದ್ದು. ಅದರೊಳಗೆ, ಅದಕ್ಕೆ ತಾಗದಂತೆ, ತುಸು ನಿಧಾನವಾಗಿ ತಿರುಗುವ ಗೋಳವೊಂದಿದೆ. ಎರಡಕ್ಕೂ ಬೇರೆ ಬೇರೆ ಕಾಂತಧ್ರುವಗಳು. ಒಳಗಿನದು ಹಿಂದೆ ಬಿದ್ದಂತೆಲ್ಲ ಮುಳ್ಳು ಸರಿಯುತ್ತ ಹೋಗುತ್ತದೆ.

ಟೊಳ್ಳಿಗೂ ಅವನ ಬಳಿ ಲೆಕ್ಕವಿತ್ತು. ಗುರುತ್ವದ ನಿಯಮವನ್ನು ವಿವರಿಸಿದ ನ್ಯೂಟನ್‌ನ ಪುಸ್ತಕ ಪ್ರಿನ್ಸಿಪಿಯಾದ 1687ರ ಆವೃತ್ತಿ ಚಂದ್ರನನ್ನು ಭೂಮಿಗಿಂತ ಸಾಂದ್ರವೆಂದು ಹೇಳಿತ್ತು, 9ಕ್ಕೆ 5ರ ಪ್ರಮಾಣದಲ್ಲಿ. ಅದು ತಪ್ಪು. ಆದರೆ ಆ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದವನೇ ಹ್ಯಾಲಿ, ಅದರ ಅಂಕಿಯನ್ನು ಅವನು ನಂಬಿದ. ಚಂದ್ರ, ಭೂಮಿ ಎರಡೂ ಒಂದೇ ದ್ರವ್ಯದಿಂದ ಆಗಿದ್ದರೆ ಭೂಮಿಯ ಒಂಬತ್ತರಲ್ಲಿ ನಾಲ್ಕು ಪಾಲು ಖಾಲಿ ಇರಲೇಬೇಕಲ್ಲ! ಒಳಗಿನ ಗೋಳ ಚಿಪ್ಪಿಗೆ ಡಿಕ್ಕಿ ಹೊಡೆಯುವುದಿಲ್ಲವೇ ಎಂಬ ಆಕ್ಷೇಪಕ್ಕೆ, ಎಲ್ಲೂ ಅಂಟದೆ ನಿಂತ ಶನಿಯ ಉಂಗುರವನ್ನು ತೋರಿಸಿದ. ತಪ್ಪು ಅಂಕಿಯನ್ನು ಹಿಡಿದು ಒಬ್ಬ ಎಷ್ಟು ಪ್ರಾಮಾಣಿಕವಾಗಿ, ಎಷ್ಟು ದೂರ ನಡೆದ ಎಂಬುದು ನಿಮ್ಮ ಕಥೆಯ ಜೀವಾಳ. ಅದನ್ನೇ ಬಿಟ್ಟಿದ್ದೀರಿ.

ತಿದ್ದುವಾಗ ಇನ್ನೊಂದು ತುದಿಗೆ ಹೋಗಬೇಡಿ. ಇಂದಿನ ಭೂವಿಜ್ಞಾನದ ದ್ರವರೂಪದ ಹೊರತಿರುಳು, ಅದರೊಳಗಿನ ಗಟ್ಟಿ ಒಳತಿರುಳು ಹ್ಯಾಲಿಗೆ ಮೊದಲೇ ಗೊತ್ತಿತ್ತು ಎಂದು ಬರೆಯುವ ಆಸೆ ಹುಟ್ಟುತ್ತದೆ. ಅವನಿಗೆ ಗೊತ್ತಿರಲಿಲ್ಲ. ಒಳತಿರುಳು ಇದೆಯೆಂದು ಡೆನ್ಮಾರ್ಕಿನ ಭೂಕಂಪಶಾಸ್ತ್ರಜ್ಞೆ ಇಂಗೆ ಲೇಮನ್ 1936ರಲ್ಲಿ ತೋರಿಸಿದ್ದು ಭೂಕಂಪದ ಅಲೆಗಳಿಂದ, ದಿಕ್ಸೂಚಿಯಿಂದಲ್ಲ. ಹ್ಯಾಲಿಯನ್ನು ಮೂರ್ಖನನ್ನಾಗಿಸಿದರೂ ಪ್ರವಾದಿಯನ್ನಾಗಿಸಿದರೂ ಓದುಗನಿಗೆ 1692ರ ಆ ಮನುಷ್ಯ ಸಿಗುವುದಿಲ್ಲ.

ಡೇಕಾರ್ಟ್ ಮತ್ತು ಬರ್ನೆಟ್ ಈ ಲೇಖನಕ್ಕೆ ಬೇಡ. ಬೈಬಲಿನ ಮಹಾಪ್ರಳಯದ ನೀರು ಎಲ್ಲಿಂದ ಬಂತು ಎಂಬ ಬರ್ನೆಟ್‌ನ ಚಿಂತೆಯೇ ಬೇರೆ. ಎರಡನ್ನೂ ಬೆರೆಸಿದ್ದರಿಂದಲೇ ಹ್ಯಾಲಿಯೂ ಧರ್ಮಗ್ರಂಥ ನೋಡಿ ಟೊಳ್ಳು ಕಲ್ಪಿಸಿದಂತೆ ಕಾಣುತ್ತಿದೆ. ಅದು ಅನ್ಯಾಯ.

ಕಿರ್ಷರ್‌ನದು ಹಾಗಲ್ಲ. 1638ರಲ್ಲಿ ಇಟಲಿಯ ಕಲಾಬ್ರಿಯದ ಭೂಕಂಪವನ್ನು ಕಣ್ಣಾರೆ ಕಂಡು, ಆಮೇಲೆ ಅಲ್ಲಿನದೇ ಜ್ವಾಲಾಮುಖಿ ವೆಸೂವಿಯಸ್‌ನ ಬಾಯಿಯೊಳಕ್ಕೇ ಇಳಿದನಲ್ಲ, ಆ ಆರು ಸಾಲುಗಳನ್ನು ನೀವು ಬಹಳ ಚೆನ್ನಾಗಿ ಬರೆದಿದ್ದೀರಿ. ಗಂಧಕದ ಘಾಟು ಮೂಗಿಗೆ ಬಡಿಯಿತು. ಜ್ವಾಲಾಮುಖಿಗಳನ್ನೆಲ್ಲ ನಡುವಿನ ಬೆಂಕಿಗೆ ಜೋಡಿಸಿ 1665ರಲ್ಲಿ ಅವನು ಅಚ್ಚು ಹಾಕಿಸಿದ ಭೂಗರ್ಭದ ಚಿತ್ರ ಆ ಇಳಿತದಿಂದ ಹೇಗೆ ಬೆಳೆಯಿತು ಎಂದು ಬರೆದರೆ ಅದೇ ಒಂದು ಲೇಖನವಾಗುತ್ತದೆ. ಅದನ್ನು ಪ್ರತ್ಯೇಕವಾಗಿ ಕಳಿಸಿ.

ಮೊದಲು ಹ್ಯಾಲಿಯನ್ನು ಮುಗಿಸಿ. 900 ಪದ ಸಾಕು. ಲಂಡನ್ನಿನ ಮುಳ್ಳಿನಿಂದಲೇ ಶುರು ಮಾಡಿ. 80ರ ವಯಸ್ಸಿನಲ್ಲಿ ಬರೆಸಿಕೊಂಡ ಭಾವಚಿತ್ರದಲ್ಲೂ ಅವನ ಕೈಯಲ್ಲಿ ಆ ಚಿಪ್ಪುಗಳ ನಕ್ಷೆ ಇದೆ. ಅನುಮತಿ ಇರುವ ಪ್ರತಿ ಸಿಕ್ಕರೆ ಲೇಖನದ ಜೊತೆಗೆ ಲಗತ್ತಿಸಿ.