ಸಿ-ವಿಜಿಲ್ ಫೋಟೋ ತಗೋತಿಲ್ಲ ಅಂದರೆ

ಪಕ್ಕದ ಬೀದಿಯಲ್ಲಿ ಮತದಾರರಿಗೆ ಕುಕ್ಕರ್ ಹಂಚಿದ ಫೋಟೋ ಚುನಾವಣಾ ಆಯೋಗದ ದೂರಿನ ಆ್ಯಪ್ ಆದ ಸಿ-ವಿಜಿಲ್‌ಗೆ ಹೋಗ್ತಿಲ್ಲ ಅಂದಿದ್ದೀರಿ. ಬಹುಶಃ ಮೊದಲೇ ತೆಗೆದಿಟ್ಟ ಫೋಟೋ ಹಾಕೋಕೆ ನೋಡ್ತಿದ್ದೀರಿ. ಆ ಆ್ಯಪ್ ಗ್ಯಾಲರಿಯಿಂದ ಏನನ್ನೂ ತಗೊಳ್ಳಲ್ಲ. ಸ್ಥಳದಲ್ಲೇ ನಿಂತು ಅದರ ಕ್ಯಾಮೆರಾದಲ್ಲೇ ತೆಗೀಬೇಕು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ಹಿಡ್ಕೊಂಡು ನಾನೂ ಅರ್ಧ ಗಂಟೆ ಒದ್ದಾಡಿದ್ದೆ.

ಮೊದಲು ಲೊಕೇಶನ್ ಆನ್ ಮಾಡಿ. ನಿಮ್ಮದು ಆಫ್ ಇತ್ತೋ ಏನೋ, ಇಲ್ಲಿಂದ ಹೇಳೋಕಾಗಲ್ಲ. ಫೋಟೋನೋ ಎರಡು ನಿಮಿಷದೊಳಗಿನ ವಿಡಿಯೋನೋ ತೆಗೆದು ಐದು ನಿಮಿಷದಲ್ಲಿ ಕಳಿಸಿಬಿಡಿ, ತಡವಾದರೆ ಹೋಗಲ್ಲ. ಕುಕ್ಕರ್ ತಂದ ಟೆಂಪೋದ ನಂಬರ್ ಪ್ಲೇಟು, ಡಬ್ಬದ ಮೇಲೆ ಅಂಟಿಸಿದ ಅಭ್ಯರ್ಥಿಯ ಸ್ಟಿಕ್ಕರ್ ಎರಡೂ ಕಾಣಲಿ. ಬರೀ ಡಬ್ಬ ಕಂಡರೆ 'ಮದುವೆ ಉಡುಗೊರೆ' ಅಂತ ಜಾರ್ಕೊಳ್ತಾರೆ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಅದು ಏನಾಯ್ತು ಅಂತ ಆಮೇಲೆ ಆ್ಯಪ್‌ನಲ್ಲಿ ನೋಡೋಕಾಗಲ್ಲ. 100 ನಿಮಿಷದಲ್ಲಿ ಕ್ರಮ ಅನ್ನೋದು ಆಯೋಗದ ಲೆಕ್ಕ.

ಹಂಚಿ ಮುಗಿದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಹಳೇ ಫೋಟೋವನ್ನು ಲಿಖಿತ ದೂರಿನ ಜೊತೆ ಚುನಾವಣಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಚುನಾವಣಾ ನೀತಿ ಸಂಹಿತೆ ಜಾರಿಗೆ ಬರೋ ಮೊದಲೇ ಹಂಚಿದ್ದಾದರೆ ಸಿ-ವಿಜಿಲ್ ಪ್ರಯೋಜನಕ್ಕೆ ಬರಲ್ಲ, ಪೊಲೀಸ್ ಠಾಣೆಗೇ ಹೋಗಬೇಕು.